ನಮ್ಮ ಚರ್ಚು ಯಾವುದು?

ಊರು ಬಿಟ್ಟು ನಗರಕ್ಕೆ ಬಂದು ನೆಲೆಸುವ ಕ್ರೈಸ್ತ ಕುಟುಂಬವು ಮೊದಲು ಬಾಡಿಗೆ ಮನೆಯನ್ನು ಹುಡುಕುತ್ತದೆ; ಬಳಿಕ ಮಕ್ಕಳಿಗೆ ಶಾಲೆಯನ್ನು ಗೊತ್ತುಮಾಡುತ್ತದೆ; ಅಡುಗೆ ಅನಿಲ, ಪಡಿತರ ಚೀಟಿ, ಮತದಾರರ ಪಟ್ಟಿ ಇವೆಲ್ಲವನ್ನೂ ಒಂದೊಂದಾಗಿ ಸರಿಪಡಿಸಿಕೊಳ್ಳುತ್ತದೆ. ಭಾನುವಾರ ಬಂದಾಗ, ಹುಟ್ಟಿದೂರಿನಲ್ಲಿ ಎಂದೂ ಕೇಳಿಕೊಳ್ಳದಿದ್ದ ಪ್ರಶ್ನೆಯೊಂದು ಎದುರಾಗುತ್ತದೆ: ನಾವು ಯಾವ ಚರ್ಚಿಗೆ ಹೋಗೋಣ? ಹಾರೋಬೆಲೆಯಂಥ ಕ್ರೈಸ್ತ ಗ್ರಾಮದಲ್ಲಿ ಬೆಳೆದವರಿಗೆ ಈ ಪ್ರಶ್ನೆಯೇ ಹೊಸದು. ಊರಿಗೊಂದು ದೇವಾಲಯ, ಅದರ ಗಂಟೆ ಕೇಳಿದೊಡನೆ ಮನೆಮಂದಿಯೆಲ್ಲ ಹೊರಡುವುದು ವಾಡಿಕೆ. ಬೆಂಗಳೂರಿನಲ್ಲಾದರೋ ಬಸ್ಸಿನ ನಾಲ್ಕಾರು ನಿಲ್ದಾಣಗಳ ಅಂತರದಲ್ಲಿ ಎರಡು ಮೂರು ದೇವಾಲಯಗಳು. ಒಂದೊಂದರಲ್ಲೂ ಕನ್ನಡ, ತಮಿಳು, ಇಂಗ್ಲಿಷ್, ಕೊಂಕಣಿ, ಮಲಯಾಳಂ ಎಂದು ಬೇರೆ ಬೇರೆ ಭಾಷೆಗಳ ಪೂಜೆಗಳು. ಮುಂಜಾನೆ ಏಳಲಾರದವರಿಗೆ ಸಂಜೆಯ ಪೂಜೆ.

ಆಯ್ಕೆ ಹೆಚ್ಚಿದಂತೆ ಅಲೆದಾಟವೂ ಹೆಚ್ಚಿದೆ. ಒಂದು ಭಾನುವಾರ ಪ್ರಬೋಧನೆ ಚೆನ್ನಾಗಿದೆಯೆಂದು ಒಂದು ಕಡೆ, ಮರು ಭಾನುವಾರ ಗಾಯನ ಇಂಪಾಗಿದೆಯೆಂದು ಇನ್ನೊಂದು ಕಡೆ, ವಾಹನ ನಿಲ್ಲಿಸಲು ಸ್ಥಳವಿದೆಯೆಂದು ಮತ್ತೊಂದು ಕಡೆ. ಗುರುವಾರ ವಿವೇಕನಗರದ ಬಾಲಯೇಸುವಿನ ಪುಣ್ಯಕ್ಷೇತ್ರದಲ್ಲಿ ಸೇರುವ ಸಹಸ್ರಾರು ಭಕ್ತರಲ್ಲಿ, ತಮ್ಮ ಸ್ವಂತ ಧರ್ಮಕೇಂದ್ರದ ಗುರುವಿನ ಹೆಸರನ್ನು ಅರಿಯದವರೂ ಇದ್ದಾರು. 2020ರಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ದೇವಾಲಯಗಳ ಬಾಗಿಲುಗಳು ಮುಚ್ಚಿದಾಗ ಮೊಬೈಲಿನಲ್ಲಿ ಪೂಜೆಯನ್ನು ನೋಡುವ ಅಭ್ಯಾಸ ಬೆಳೆಯಿತು. ಅಂದು ಅದು ಅನಿವಾರ್ಯವಾಗಿತ್ತು. ರೋಗಿಗಳಿಗೂ ವೃದ್ಧರಿಗೂ ಅದು ಇಂದಿಗೂ ಆಸರೆಯೇ ಸರಿ. ಆದರೆ ಬಾಗಿಲುಗಳು ತೆರೆದ ಮೇಲೂ ಆರೋಗ್ಯವಂತರು ಕೆಲವರು ಕುರ್ಚಿ ಬಿಟ್ಟೇಳಲಿಲ್ಲ. ಬೆರಳ ತುದಿಯಲ್ಲೇ ನೂರು ದೇವಾಲಯಗಳು ದೊರೆಯುವಾಗ ಬೀದಿಯ ಕೊನೆಯ ದೇವಾಲಯ ಕಣ್ಣಿಗೆ ಬೀಳದೆ ಹೋಗುತ್ತದೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ಈ ವಿಚಾರದಲ್ಲಿ ಧರ್ಮಸಭೆಯ ಕಾನೂನು ಕಠಿಣವಾಗಿದೆಯೆಂದು ಯಾರೂ ಹೇಳಲಾರರು. 1983ರ ಕಾನೂನು ಸಂಹಿತೆಯ 1248ನೆಯ ನಿಯಮದ ಪ್ರಕಾರ, ಭಾನುವಾರದಂದು ಅಥವಾ ಅದರ ಹಿಂದಿನ ಸಂಜೆ, ಯಾವುದೇ ಕಥೋಲಿಕ ಪೂಜಾವಿಧಿಯಲ್ಲಿ, ಎಲ್ಲಿಯೇ ಆಗಲಿ ಅರ್ಪಿಸುವ ಬಲಿಪೂಜೆಯಲ್ಲಿ ಪಾಲ್ಗೊಂಡವನು ತನ್ನ ಕರ್ತವ್ಯವನ್ನು ಪೂರೈಸಿದಂತೆಯೇ. ಹೀಗಿರುವಾಗ ಚರ್ಚಿನಿಂದ ಚರ್ಚಿಗೆ ಹೋಗುವವರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ಕಾನೂನಿನ ದೃಷ್ಟಿಯಲ್ಲಿ ತಪ್ಪಿಲ್ಲ. ಆದರೆ ಕರ್ತವ್ಯವನ್ನು ಪೂರೈಸುವುದು ಒಂದು, ಒಂದು ಸಮುದಾಯಕ್ಕೆ ಸೇರಿದವನಾಗಿರುವುದು ಇನ್ನೊಂದು. ಹೋಟೆಲಿನಲ್ಲಿ ಉಂಡವನ ಹಸಿವೂ ಅಡಗುತ್ತದೆ. ಅಷ್ಟರಿಂದ ಅದು ಅವನ ಮನೆಯಾಗುವುದಿಲ್ಲ.

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಸ್ನೇಹವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ಪ್ರಯೋಜನಕ್ಕಾಗಿ ಮಾಡುವ ಸ್ನೇಹ, ಸುಖಕ್ಕಾಗಿ ಮಾಡುವ ಸ್ನೇಹ, ಮತ್ತು ಸ್ನೇಹಿತನ ಒಳಿತನ್ನೇ ಬಯಸುವ ಸ್ನೇಹ. ಮೊದಲೆರಡು ಬೇಗ ಹುಟ್ಟಿ ಬೇಗ ಅಳಿಯುತ್ತವೆ. ಪ್ರಯೋಜನ ತೀರಿದೊಡನೆ, ಸುಖ ಕುಂದಿದೊಡನೆ ಅವು ಮುಗಿಯುತ್ತವೆ. ಮೂರನೆಯದು ನಿಧಾನವಾಗಿ ಬೆಳೆಯುತ್ತದೆ. ಅದಕ್ಕೆ ಕಾಲ ಬೇಕು, ಒಡನಾಟ ಬೇಕು. ದೇವಾಲಯದೊಡನೆ ನಮಗಿರುವ ಸಂಬಂಧವನ್ನೂ ಇದೇ ಅಳತೆಗೋಲಿನಿಂದ ಅಳೆಯಬಹುದು. ಮಗುವಿಗೆ ಶಾಲೆಯಲ್ಲಿ ಸ್ಥಾನ ದೊರಕಲೆಂದು ಚರ್ಚಿಗೆ ಬರುವುದು ಮೊದಲನೆಯ ಬಗೆ. ಗಾನವೃಂದ ಚೆನ್ನಾಗಿದೆಯೆಂದು ಬರುವುದು ಎರಡನೆಯದು. ಗಾಯನ ಕೆಟ್ಟರೂ, ಗುರುಗಳು ಬದಲಾದರೂ, ಪಕ್ಕದ ಬೆಂಚಿನವನೊಡನೆ ಮನಸ್ತಾಪವಿದ್ದರೂ, ಇವರು ನನ್ನವರು ಎಂದು ಬರುವುದು ಮೂರನೆಯದು. ಪುನಃ ಪುನಃ ಮಾಡಿದ ಸತ್ಕ್ರಿಯೆಯಿಂದಲೇ ಸದ್ಗುಣವು ಮನುಷ್ಯನಲ್ಲಿ ಬೇರೂರುವುದೆಂದು ಸಂತ ಥಾಮಸ್ ಅಕ್ವಿನಾಸರೂ ಬೋಧಿಸಿದ್ದಾರೆ. ವಾರಕ್ಕೊಂದು ಮಣ್ಣಿಗೆ ಕಿತ್ತು ನೆಟ್ಟ ಸಸಿ ಬೇರುಬಿಡುವುದಾದರೂ ಎಂತು?

ಈ ರೋಗ ಇಂದಿನದಲ್ಲ. ಕೊರಿಂಥ ಪಟ್ಟಣದ ಕ್ರೈಸ್ತರಲ್ಲಿ ಕೆಲವರು ತಾವು ಪೌಲನ ಕಡೆಯವರೆಂದು, ಕೆಲವರು ಅಪೊಲೋಸನ ಕಡೆಯವರೆಂದು, ಇನ್ನು ಕೆಲವರು ಕೇಫನ ಕಡೆಯವರೆಂದು ಹೇಳಿಕೊಳ್ಳುತ್ತಿದ್ದರು. ಅಪೊಲೋಸನು ವಾಗ್ಮಿಯಾಗಿದ್ದನೆಂಬುದು ಪ್ರೇಷಿತರ ಕಾರ್ಯಕಲಾಪಗಳಿಂದ ತಿಳಿದುಬರುತ್ತದೆ. ಸಂತ ಪೌಲರು ತಮ್ಮ ಹೆಸರು ಹೇಳಿಕೊಂಡು ಬಂದವರನ್ನೂ ಸೇರಿಸಿ ಎಲ್ಲರನ್ನೂ ಒಂದೇ ಸಮನೆ ಗದರಿಸಿದರು. ಕ್ರಿಸ್ತನು ಹೋಳಾಗಿರುವನೇ ಎಂದು ಪ್ರಶ್ನಿಸಿದರು. ನೆಚ್ಚಿನ ಪ್ರಬೋಧಕನನ್ನು ಅರಸಿ ಊರೂರು ಸುತ್ತುವ ಇಂದಿನ ಭಕ್ತರಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. ಲತೀನ್ ಸಂಪ್ರದಾಯದ ದೇವಾಲಯಗಳಲ್ಲಿ ಭಾನುವಾರದಂದು ಓದಲಾಗುವ ವಾಚನಗಳು ಸಾಮಾನ್ಯವಾಗಿ ಲೋಕದಾದ್ಯಂತ ಒಂದೇ. ಮೂರು ವರ್ಷಗಳ ಆವರ್ತದಲ್ಲಿ ಅವುಗಳನ್ನು ಜೋಡಿಸಲಾಗಿದೆ. ಬಲಿಪೀಠದ ಮೇಲೆ ಬರುವ ಪ್ರಭುವೂ ಒಬ್ಬನೇ. ಗುರುವಿನ ವಾಕ್ಚಾತುರ್ಯ ಹೆಚ್ಚು ಕಡಿಮೆಯಾಗಬಹುದು. ಪರಮಪ್ರಸಾದದಲ್ಲಿ ಹೆಚ್ಚು ಕಡಿಮೆಯೆಂಬುದಿಲ್ಲ.

ಧರ್ಮಕೇಂದ್ರಕ್ಕೆ ಇಂಗ್ಲಿಷಿನಲ್ಲಿ ಬಳಸುವ ಪ್ಯಾರಿಷ್ ಎಂಬ ಶಬ್ದದ ಮೂಲವನ್ನು ಹುಡುಕಿದರೆ ಪರೊಯ್ಕಿಯ ಎಂಬ ಗ್ರೀಕ್ ಪದ ದೊರೆಯುತ್ತದೆ. ಪರಸ್ಥಳದಲ್ಲಿ ವಲಸಿಗನಾಗಿ ವಾಸಿಸುವುದು ಎಂಬುದು ಅದರ ಅರ್ಥ. ಊರಿನವರ ಹಕ್ಕಿನ ಸೊತ್ತೆಂದು ನಾವು ತಿಳಿದಿರುವ ಧರ್ಮಕೇಂದ್ರ ಮೂಲತಃ ಪರದೇಶಿಗಳ ಬಿಡಾರವಾಗಿತ್ತೆಂಬುದನ್ನು ಈ ಪದ ನೆನಪಿಸುತ್ತದೆ. 155ರ ಸುಮಾರಿನಲ್ಲಿ ಸಂತ ಜಸ್ಟಿನರು ರೋಮಿನ ಚಕ್ರವರ್ತಿಗೆ ಬರೆದ ಸಮರ್ಥನೆಯಲ್ಲಿ, ಭಾನುವಾರ ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುತ್ತಿದ್ದುದನ್ನೂ, ಅಲ್ಲಿ ಕೂಡಿದ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಪರಸ್ಥಳದಿಂದ ಬಂದವರಿಗೆ ಸಲ್ಲುತ್ತಿದ್ದುದನ್ನೂ ವಿವರಿಸಿದ್ದಾರೆ. ಮುಂದೆ ತ್ರೆಂತ್ ಮಹಾಸಭೆಯು 1563ರಲ್ಲಿ, ಜನರನ್ನು ನಿರ್ದಿಷ್ಟ ಧರ್ಮಕೇಂದ್ರಗಳಾಗಿ ವಿಭಾಗಿಸಿ, ಅವರನ್ನು ಗುರುತುಹಿಡಿಯಬಲ್ಲ ಖಾಯಂ ಗುರುವನ್ನು ಪ್ರತಿಯೊಂದಕ್ಕೂ ನೇಮಿಸುವಂತೆ ಧರ್ಮಾಧ್ಯಕ್ಷರಿಗೆ ಆದೇಶಿಸಿತು. ಎಲ್ಲೆಗಳನ್ನು ಎಳೆದ ಉದ್ದೇಶವೇ ಯಾರೊಬ್ಬರೂ ಲೆಕ್ಕದಿಂದ ತಪ್ಪಿಹೋಗಬಾರದೆಂಬುದು.

ಹೀಗೆ ತಪ್ಪಿಹೋದವರ ಕಷ್ಟ ತಿಳಿಯುವುದು ಜೀವನದ ದೊಡ್ಡ ಸಂದರ್ಭಗಳಲ್ಲಿ. ಮದುವೆ ನಿಶ್ಚಯವಾದ ಯುವಕ ಪತ್ರಕ್ಕಾಗಿ ಧರ್ಮಕೇಂದ್ರದ ಕಚೇರಿಗೆ ಬರುತ್ತಾನೆ. ಕುಟುಂಬಗಳ ದಾಖಲೆಯಲ್ಲಿ ಅವನ ಮನೆಯ ಹೆಸರಿಲ್ಲ. ಹತ್ತು ವರ್ಷಗಳಿಂದ ತಪ್ಪದೆ ಪೂಜೆಗೆ ಹೋಗಿದ್ದೇನೆ ಎನ್ನುತ್ತಾನೆ. ಅದು ಸುಳ್ಳೂ ಅಲ್ಲ. ಆದರೆ ಅವನನ್ನು ಬಲ್ಲವರು ಯಾರು? ಮನೆಯ ಹಿರಿಯರು ಹಾಸಿಗೆ ಹಿಡಿದಾಗ ಪರಮಪ್ರಸಾದ ತರಲು ಯಾರನ್ನು ಕರೆಯಬೇಕೆಂದು ತಿಳಿಯದು. ಸಾವು ಸಂಭವಿಸಿದಾಗ ಸಮಾಧಿಗೆ ಸ್ಥಳ ಕೇಳುತ್ತ ಅಪರಿಚಿತರ ಬಾಗಿಲು ತಟ್ಟಬೇಕಾಗುತ್ತದೆ. ಊರೆಲ್ಲ ನೆಂಟರು, ಉಣ್ಣಲಿಕ್ಕೆ ಅನ್ನವಿಲ್ಲ ಎಂಬ ಮಾತು ಆಗ ಅಕ್ಷರಶಃ ನಿಜವಾಗುತ್ತದೆ. ಜ್ಞಾನಸ್ನಾನ, ವಿವಾಹ, ಅಂತ್ಯಕ್ರಿಯೆ ಇವುಗಳನ್ನು ಧರ್ಮಸಭೆಯು ವಿಶೇಷವಾಗಿ ಧರ್ಮಕೇಂದ್ರದ ಗುರುವಿಗೆ ವಹಿಸಿರುವುದು ಕಾಗದಪತ್ರಗಳ ಅನುಕೂಲಕ್ಕಲ್ಲ. ಹುಟ್ಟು, ಮದುವೆ, ಸಾವುಗಳಲ್ಲಿ ಮನುಷ್ಯನು ತನ್ನವರ ನಡುವೆ ಇರಬೇಕೆಂದು.

ಹಾಗೆಂದು ಮನೆಗೆ ಹತ್ತಿರವಿರುವ ದೇವಾಲಯವೇ ಎಲ್ಲರಿಗೂ ಎಲ್ಲ ಕಾಲಕ್ಕೂ ವಿಧಿಸಿದ್ದು ಎಂದು ನಾವು ಹೇಳುತ್ತಿಲ್ಲ. ರಾತ್ರಿ ಪಾಳಿಯ ಕಾರ್ಮಿಕರು, ಆಸ್ಪತ್ರೆಯ ದಾದಿಯರು ತಮಗೆ ಒದಗುವ ವೇಳೆಯ ಪೂಜೆಗೆ ಹೋಗಲೇಬೇಕು. ಪ್ರದೇಶವನ್ನು ಆಧರಿಸಿದ ಧರ್ಮಕೇಂದ್ರವೇ ಸಾಮಾನ್ಯ ನಿಯಮವಾದರೂ, ಪೂಜಾವಿಧಿ, ಭಾಷೆ ಅಥವಾ ರಾಷ್ಟ್ರೀಯತೆಯ ಆಧಾರದ ಮೇಲೆ ಪ್ರತ್ಯೇಕ ಧರ್ಮಕೇಂದ್ರಗಳನ್ನು ಸ್ಥಾಪಿಸಲು ಸಂಹಿತೆಯ 518ನೆಯ ನಿಯಮ ಅವಕಾಶ ನೀಡಿದೆ. ಸಿರೋ-ಮಲಬಾರ್ ಸಂಪ್ರದಾಯದವರು ತಮ್ಮದೇ ಪೂಜಾವಿಧಿಯನ್ನು ಉಳಿಸಿಕೊಂಡಿರುವುದೂ ನ್ಯಾಯವೇ.

ಭಾಷೆಯ ಪ್ರಶ್ನೆ ಕನ್ನಡ ಕ್ರೈಸ್ತರಿಗೆ ಹೃದಯಕ್ಕೆ ಹತ್ತಿರವಾದದ್ದು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಅಜ್ಜಿಯಂದಿರು ಅರಿತು ಉತ್ತರಿಸುವಂಥ ಪೂಜೆ ನಮಗೆ ದೊರೆತದ್ದು ಆ ನಿರ್ಧಾರದಿಂದ. ಈಗ ಕನ್ನಡ ಮನೆಮಾತಿನ ತಂದೆತಾಯಿಗಳೇ ಮಕ್ಕಳ ನೆಪದಿಂದ ಇಂಗ್ಲಿಷ್ ಪೂಜೆಯನ್ನು ಆರಿಸಿಕೊಳ್ಳುವುದನ್ನು ಕಾಣುತ್ತೇವೆ. ಮೊಮ್ಮಗನ ಪಕ್ಕದಲ್ಲಿ ಅಜ್ಜಿ ಮೂಕಳಾಗಿ ಕುಳಿತಿರುತ್ತಾಳೆ. ಇಲ್ಲವೇ ಒಂದೇ ಮನೆಯವರು ಮೂರು ವೇಳೆಯಲ್ಲಿ ಮೂರು ಕಡೆಗೆ ಹಂಚಿಹೋಗುತ್ತಾರೆ. ಮಗು ಯಾವ ಭಾಷೆಯಲ್ಲಿ ಅಂಕಗಣಿತ ಕಲಿಯುತ್ತದೆ ಎಂಬುದಕ್ಕಿಂತ, ಯಾವ ಭಾಷೆಯಲ್ಲಿ ತನ್ನ ಅಜ್ಜಿಯೊಡನೆ ಪ್ರಾರ್ಥಿಸಬಲ್ಲದು ಎಂಬುದು ವಿಶ್ವಾಸದ ದೃಷ್ಟಿಯಿಂದ ಮುಖ್ಯ. ಮನೆಯಲ್ಲಿ ಸಂಜೆಯ ಜಪಸರ ಕನ್ನಡದಲ್ಲಿ ನಡೆದರೆ ಚರ್ಚಿನ ಕನ್ನಡ ಮಗುವಿಗೆ ಕಷ್ಟವಾಗದು. ಅದೇ ವೇಳೆ, ಭಾಷಾಭಿಮಾನ ಗೋಡೆಯಾಗಲೂ ಕೂಡದು. ಪಕ್ಕದ ತಮಿಳು ಪೂಜೆಗೆ ಬರುವ ಕೂಲಿಯವನೂ ಅದೇ ಧರ್ಮಕೇಂದ್ರದ ಮಗ.

ಹೊಸ ಊರಿಗೆ ಹೋದ ಕ್ರೈಸ್ತನ ಗೊಂದಲಕ್ಕೆ ಹಳೆಯದೊಂದು ಉದಾಹರಣೆಯಿದೆ. ಸಂತ ಅಗಸ್ಟೀನರ ತಾಯಿ ಸಂತ ಮೋನಿಕ 385ರಲ್ಲಿ ಆಫ್ರಿಕದಿಂದ ಮಗನಿದ್ದ ಮಿಲಾನ್ ನಗರಕ್ಕೆ ಬಂದರು. ಅಲ್ಲಿಯ ಸಭೆ ಶನಿವಾರ ಉಪವಾಸ ಮಾಡುತ್ತಿರಲಿಲ್ಲ. ಯಾವ ಪದ್ಧತಿಯನ್ನು ಅನುಸರಿಸಬೇಕೆಂದು ತಾಯಿ ಕಳವಳಗೊಂಡಾಗ ಮಗ ಅಲ್ಲಿಯ ಧರ್ಮಾಧ್ಯಕ್ಷರಾದ ಸಂತ ಅಂಬ್ರೋಸರನ್ನು ವಿಚಾರಿಸಿದ. ರೋಮಿನಲ್ಲಿದ್ದಾಗ ಶನಿವಾರ ಉಪವಾಸ ಮಾಡುವ ತಾವು ಮಿಲಾನಿನಲ್ಲಿದ್ದಾಗ ಮಾಡುವುದಿಲ್ಲವೆಂದೂ, ಯಾವ ಸಭೆಗೆ ಹೋದರೂ ಅಲ್ಲಿಯ ಪದ್ಧತಿಯನ್ನು ಅನುಸರಿಸುವುದು ಲೇಸೆಂದೂ ಅವರು ತಿಳಿಸಿದರು. ಸಂತರ ಸಮಾಧಿಗಳಿಗೆ ಗಂಜಿ, ರೊಟ್ಟಿ, ದ್ರಾಕ್ಷಾರಸಗಳನ್ನು ಒಯ್ಯುವ ತಮ್ಮೂರಿನ ರೂಢಿಯನ್ನು ಅಲ್ಲಿಯ ದ್ವಾರಪಾಲಕ ತಡೆದಾಗಲೂ, ಅದು ಧರ್ಮಾಧ್ಯಕ್ಷರ ಅಪ್ಪಣೆಯೆಂದು ತಿಳಿದು ಆ ತಾಯಿ ಗೊಣಗದೆ ಬಿಟ್ಟುಕೊಟ್ಟರೆಂದು ಮಗನೇ ಬರೆದಿದ್ದಾನೆ. ನಮ್ಮೂರ ಚರ್ಚಿನಲ್ಲಿ ಹೀಗಿರಲಿಲ್ಲ ಎಂಬ ಕೊರಗನ್ನೇ ಹೊತ್ತು ತಿರುಗುವವರು ಮೋನಿಕರ ಈ ವಿನಯವನ್ನು ಧ್ಯಾನಿಸಬೇಕು.

ಆದರೆ ಹೊಣೆಯೆಲ್ಲ ಬಂದವರ ಮೇಲೆಯೇ ಇಲ್ಲ. ನಮ್ಮ ಯುವಕರು ಕೆಲವರು ಇತರ ಸಭೆಗಳ ಪ್ರಾರ್ಥನಾಕೂಟಗಳಿಗೆ ಹೋಗುತ್ತಾರೆಂದು ದೂರುವವರು, ಅಲ್ಲಿ ಅವರಿಗೆ ದೊರೆತದ್ದೇನೆಂದು ಕೇಳುವುದು ಕಡಿಮೆ. ಸಿದ್ಧಾಂತವನ್ನು ತೂಗಿನೋಡಿ ಹೋದವರು ಎಲ್ಲೋ ಕೆಲವರು. ಅಲ್ಲಿ ಯಾರೋ ಹೆಸರು ಕೇಳಿದರು, ಜ್ವರ ಬಂದಾಗ ಮನೆಗೆ ಬಂದರು, ಕೆಲಸ ಹೋದಾಗ ಜೊತೆಗೆ ಕುಳಿತು ಪ್ರಾರ್ಥಿಸಿದರು. ಹೋದವರಲ್ಲಿ ಹಲವರು ಹೇಳುವ ಕಾರಣ ಇಷ್ಟೇ. ಕುಟುಂಬಗಳನ್ನು ಸಂದರ್ಶಿಸುವುದು, ಬಡವರನ್ನು, ಒಂಟಿಯಾದವರನ್ನು, ಸ್ವದೇಶ ತೊರೆದು ಬಂದವರನ್ನು ವಿಶೇಷ ಮುತುವರ್ಜಿಯಿಂದ ನೋಡಿಕೊಳ್ಳುವುದು ಗುರುವಿನ ಕರ್ತವ್ಯವೆಂದು ಸಂಹಿತೆಯ 529ನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಆಸನ, ಹರಕು ಬಟ್ಟೆಯವನಿಗೆ ಕಾಲ ಬಳಿಯ ನೆಲ ತೋರಿಸುವ ಸಭೆಯನ್ನು ಸಂತ ಯಕೋಬರ ಪತ್ರ ಖಂಡಿಸಿದೆ. ಹಳೆಯ ಕುಟುಂಬಗಳೇ ಪಾಲನಾ ಸಮಿತಿಯಲ್ಲಿ, ಹಬ್ಬದ ತೇರಿನ ಮುಂದೆ, ಗಾನವೃಂದದಲ್ಲಿ ತಲೆಮಾರುಗಟ್ಟಲೆ ನಿಂತು ಹೊಸಬರಿಗೆ ಹಿಂದಿನ ಬೆಂಚನ್ನಷ್ಟೇ ಬಿಟ್ಟುಕೊಟ್ಟರೆ, ಹೊಸಬರು ಅಲೆದಾಡುವುದರಲ್ಲಿ ಆಶ್ಚರ್ಯವೇನಿದೆ?

ಆದುದರಿಂದ ಚರ್ಚನ್ನು ಆರಿಸಿಕೊಳ್ಳಬೇಕಾದವರಿಗೆ ನಾವು ಹೇಳುವುದು ಇಷ್ಟು. ಮೊದಲು ನಿಮ್ಮ ಮನೆ ಯಾವ ಧರ್ಮಕೇಂದ್ರದ ಎಲ್ಲೆಯೊಳಗಿದೆಯೆಂದು ತಿಳಿದುಕೊಳ್ಳಿ. ತಕ್ಕ ಕಾರಣವಿಲ್ಲದಿದ್ದರೆ ಅದನ್ನೇ ನಿಮ್ಮದಾಗಿಸಿಕೊಳ್ಳಿ. ಭಾಷೆ, ಪೂಜಾವಿಧಿ, ದುಡಿಮೆಯ ವೇಳೆ ಇಂಥ ಕಾರಣದಿಂದ ಬೇರೊಂದನ್ನು ಆರಿಸಿಕೊಂಡರೆ ಅಲ್ಲಿಯೇ ನೆಲೆನಿಲ್ಲಿ. ಒಂದೆರಡು ಭಾನುವಾರಗಳಲ್ಲಿ ತೀರ್ಪು ಕೊಡಬೇಡಿ. ಆಗಮನ ಕಾಲದಿಂದ ಕ್ರಿಸ್ತರಾಜರ ಹಬ್ಬದವರೆಗೆ ಆರಾಧನಾ ವರ್ಷವೊಂದನ್ನು ಪೂರ್ತಿಯಾಗಿ ಅಲ್ಲಿ ಕಳೆಯಿರಿ. ತಪಸ್ಸು ಕಾಲದ ಶುಕ್ರವಾರಗಳನ್ನೂ ಪಾಸ್ಕ ಜಾಗರಣೆಯ ರಾತ್ರಿಯನ್ನೂ ಒಟ್ಟಿಗೆ ಕಳೆದ ಜನರು ಪರಕೀಯರಾಗಿ ಉಳಿಯುವುದಿಲ್ಲ. ಏನಾದರೊಂದು ಕೆಲಸವನ್ನು ವಹಿಸಿಕೊಳ್ಳಿ. ಬೆಂಚು ಒರೆಸುವುದಾದರೂ, ಮಕ್ಕಳಿಗೆ ಧರ್ಮೋಪದೇಶ ಕಲಿಸುವುದಾದರೂ ಸರಿ. ಪುಣ್ಯಕ್ಷೇತ್ರಗಳಿಗೆ ಧಾರಾಳವಾಗಿ ಹೋಗಿಬನ್ನಿ. ಯಾತ್ರೆ ಹೋದವನು ಮರಳಿ ಬರಲು ಮನೆಯೊಂದಿರಲಿ. ನೀವು ಬಾರದಿದ್ದ ಭಾನುವಾರ, ಏಕೆ ಬರಲಿಲ್ಲವೆಂದು ಕೇಳುವವರು ಎಲ್ಲಿದ್ದಾರೋ ಅದೇ ನಿಮ್ಮ ಚರ್ಚು. ಅಂಥವರು ಎಲ್ಲಿಯೂ ಇಲ್ಲವೆಂದರೆ ನೀವಿನ್ನೂ ಚರ್ಚನ್ನು ಆರಿಸಿಕೊಂಡಿಲ್ಲವೆಂದೇ ಅರ್ಥ.

ಬರುವ ಭಾನುವಾರ ಪೂಜೆ ಮುಗಿದೊಡನೆ ಗೇಟಿನತ್ತ ಧಾವಿಸದೆ, ಹೆಸರು ಬರೆಸದವರು ಕಚೇರಿಗೆ ಹೋಗಿ ಕುಟುಂಬದ ಹೆಸರನ್ನು ಬರೆಸಿರಿ. ಹೆಸರು ಬರೆಸಿ ಬಹುಕಾಲವಾದವರು ಅದೇ ಬೆಂಚಿನ ತುದಿಯಲ್ಲಿ ಕುಳಿತಿರುವ ಅಪರಿಚಿತರ ಹೆಸರನ್ನು ಕೇಳಿರಿ. ಅವರ ಮನೆ ಎಲ್ಲಿದೆಯೆಂದೂ ವಿಚಾರಿಸಿರಿ.