ಹುಡುಗರ ಲೆಕ್ಕಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕೆ?



ಮದುವೆ ಸೀಸನ್ ಬಂತೆಂದರೆ ಅಡುಗೆಯವರು, ಬಡಿಸುವವರು ಆರ್ಡರಿಗೊಬ್ಬರಂತೆ ಬದಲಾಗುತ್ತಾರೆ. ಯಾರದು ಎಷ್ಟು ಪಾಳಿ, ಎಷ್ಟು ಅಡ್ವಾನ್ಸ್ ಎಂಬುದು ಡೈರಿಯ ಮೂಲೆಯಲ್ಲಿ ಕಳೆದುಹೋಗುತ್ತದೆ. ಇದಕ್ಕಾಗಿ ಸಾವಿರಾರು ರೂಪಾಯಿ ಸುರಿದು ಸಾಫ್ಟ್‌ವೇರ್ ಕೊಳ್ಳುವ ಅಗತ್ಯ ನಮಗೆ ಕಾಣುವುದಿಲ್ಲ. ಎಕ್ಸೆಲ್ ಸಾಕು, ಅದಿಲ್ಲದವರಿಗೆ ಲಿಬ್ರೆಆಫೀಸ್ ಕ್ಯಾಲ್ಕ್ ಉಚಿತವಾಗಿಯೇ ಸಿಗುತ್ತದೆ. ಎಕ್ಸೆಲ್ 2007ರಿಂದೀಚೆಗೆ ಒಂದು ಹಾಳೆಯಲ್ಲಿ 10,48,576 ಸಾಲುಗಳಿವೆ. ದಿನಕ್ಕೆ 50 ಮಂದಿಯ ಹಾಜರಿ ಬರೆದರೂ 50 ವರ್ಷ ಸಾಲುತ್ತದೆ!

ಒಬ್ಬನಿಗೆ ದಿನಕ್ಕೊಂದು ಸಾಲು: ನಂಬರು, ಹೆಸರು, ತಾರೀಕು, ಪಾಳಿ, ಅಡ್ವಾನ್ಸ್. ನಂಬರು ಬೇಕೇ ಬೇಕು. ಪ್ರತಿ ತಂಡದಲ್ಲೂ ಇಬ್ಬರು ಮೂವರು ಮಂಜುನಾಥರು ಇರುತ್ತಾರೆ. ಒಬ್ಬನನ್ನೇ ಒಮ್ಮೆ ಮಂಜು, ಒಮ್ಮೆ ಮಂಜುನಾಥ ಎಂದು ಬರೆದರೆ ಕಂಪ್ಯೂಟರಿಗೆ ಅವರು ಇಬ್ಬರು. ಸಾರ್ಟ್ ಮಾಡುವಾಗಲಂತೂ ಇಡೀ ಪಟ್ಟಿಯನ್ನು ಆಯ್ದುಕೊಳ್ಳಿ. ಹೆಸರಿನ ಕಾಲಮ್ಮನ್ನಷ್ಟೇ ಸಾರ್ಟ್ ಮಾಡಿದರೆ ಹೆಸರುಗಳು ಜರುಗಿ ಅಂಕಿಗಳು ಇದ್ದಲ್ಲೇ ಉಳಿಯುತ್ತವೆ, ಒಬ್ಬನ ಅಡ್ವಾನ್ಸ್ ಇನ್ನೊಬ್ಬನ ತಲೆಗೆ ಬೀಳುತ್ತದೆ. ತಿಂಗಳ ಕೊನೆಗೆ ಊರಿಗೆ ಹಣ ಕಳಿಸುವ ಹುಡುಗನಿಗೆ ಅದು ಸಣ್ಣ ಮಾತಲ್ಲ.

ಇಷ್ಟಾಗಿಯೂ ಸಾಫ್ಟ್‌ವೇರ್ ಕೊಳ್ಳಲೇಬೇಕೆನ್ನುವವರು ಮಾರುವವರನ್ನು ಮೊದಲು ಕೇಳಬೇಕಾದ್ದು ಒಂದೇ: ನಾಳೆ ನಿಮ್ಮನ್ನು ಬಿಟ್ಟರೆ ನಮ್ಮ ಪಟ್ಟಿಯನ್ನು ಪೂರ್ತಿಯಾಗಿ ಎಕ್ಸೆಲ್‌ನಲ್ಲಿ ತೆಗೆದುಕೊಡುತ್ತೀರಾ? ಉತ್ತರವನ್ನು ಬರಹದಲ್ಲೇ ಪಡೆಯಿರಿ.