ಮೊಟ್ಟೆ ಬಿಡಿ, ಮೆಕ್ಕೆಜೋಳದ ರಾಶಿ ನೋಡಿ

ಮೊಟ್ಟೆಯೊಳಗೂ ಬೂಸ್ಟಿನ ವಿಷ ಸೇರಿದೆಯಂತೆ ಅನ್ನುವ ಮಾತು ಆಗಾಗ ಅಂಗಡಿ ಸಾಲಿನಲ್ಲಿ ಎದ್ದು ಕೂರುತ್ತದೆ. ಎರಡು ದಿನ ಟ್ರೇಗಳು ಹಾಗೇ ಉಳಿಯುತ್ತವೆ. ಮೂರನೇ ದಿನ ಬಸ್‌ಸ್ಟ್ಯಾಂಡಿನ ಗಾಡಿ ಮುಂದೆ ಅದೇ ಜನ ಆಮ್ಲೆಟ್ಟಿಗೆ ನಿಂತಿರ್ತಾರೆ. ಮಾತು ಪೂರಾ ಸುಳ್ಳಲ್ಲ. ಆದರೆ ಬೈಸಿಕೊಳ್ಳುವವನು ಮೊಟ್ಟೆ ಮಾರುವವನು, ತಪ್ಪು ಹುಟ್ಟುವ ಜಾಗವೇ ಬೇರೆ.

ಆ ಜಾಗ ದೂರವೇನಿಲ್ಲ. ದಾವಣಗೆರೆ, ಹಾವೇರಿ, ಚಿತ್ರದುರ್ಗ ಮೂರೂ ಮೆಕ್ಕೆಜೋಳದ ಸೀಮೆ. ಮೊಟ್ಟೆ ಕೋಳಿಯ ಮೇವಿನಲ್ಲಿ ಹೆಚ್ಚುಕಮ್ಮಿ ಅರ್ಧ ಪಾಲು ಈ ಕಾಳೇ. ಅಕ್ಟೋಬರ್, ನವೆಂಬರಿನಲ್ಲಿ ಕಟಾವಿನ ಹೊತ್ತಿಗೆ ಮಳೆ ಹಿಡಿದುಕೊಂಡರೆ ರೈತ ಏನು ಮಾಡಬೇಕು? ಕಣ ಇಲ್ಲ, ರಸ್ತೆ ಬದಿಗೇ ಹರಡುತ್ತಾನೆ. ಮೋಡ ಕಂಡರೆ ತಾಡಪಾಲು ಮುಚ್ಚುತ್ತಾನೆ. ಒಳಗೆ ಕಾಳು ಬೆವರುತ್ತದೆ. ಸರ್ಕಾರಿ ಖರೀದಿಯಲ್ಲಿ ತೇವಾಂಶ ಶೇಕಡಾ 14 ಮೀರಬಾರದು ಅಂತ ಇರುವುದು ಸುಮ್ಮನೆ ಅಲ್ಲ. ಅದಕ್ಕಿಂತ ಮೇಲೆ ಹೋದರೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಬೂಸ್ಟಿಗೆ ಹಬ್ಬ. ಅದು ಬಿಡುವ ವಿಷವೇ ಅಫ್ಲಾಟಾಕ್ಸಿನ್. ಬೂಸ್ಟು ಉಜ್ಜಿ ತೆಗೀಬಹುದು, ವಿಷ ಹೋಗಲ್ಲ. ಕುದಿಸಿದರೂ ಹೋಗಲ್ಲ.

ಈ ವಿಷದ ಸುದ್ದಿ ಲೋಕಕ್ಕೆ ತಿಳಿದದ್ದೂ ಕೋಳಿ ಜಾತಿಯಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತವು. 1966ರಲ್ಲಿ ನಮ್ಮ ಮೈಸೂರು ರಾಜ್ಯದಲ್ಲೇ ಇದೇ ವಿಷಕ್ಕೆ ಎರಡು ಸಾವಿರಕ್ಕೂ ಮೇಲೆ ಕೋಳಿಮರಿ ಹೋದವು. 1974ರಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳದ ರೊಟ್ಟಿ ತಿಂದ ಬಡವರಲ್ಲಿ ನೂರಕ್ಕೂ ಹೆಚ್ಚು ಜನ ಕಾಮಾಲೆ ಬಂದು ಸತ್ತರು. ಅವರು ತಿಂದದ್ದು ಮೊಟ್ಟೆ ಅಲ್ಲ ಸ್ವಾಮಿ, ಕಾಳು.

ಈಗ ಮೊಟ್ಟೆಯ ಲೆಕ್ಕ ಹಾಕೋಣ. ಕೋಳಿ ಮೇವಿಗೆ ಭಾರತೀಯ ಮಾನಕ ಸಂಸ್ಥೆ ಹಾಕಿರುವ ಮಿತಿ ಒಂದು ಟನ್ನಿಗೆ 20 ಮಿಲಿಗ್ರಾಂ. ಅದನ್ನು ಇಪ್ಪತ್ತೈದು ಪಟ್ಟು ಮೀರಿದ ಕೊಳಕು ಮೇವನ್ನೇ ಹಾಕಿದರು ಅಂತಿಟ್ಟುಕೊಳ್ಳಿ, ಟನ್ನಿಗೆ ಅರ್ಧ ಗ್ರಾಂ. ಮೇವಿನಲ್ಲಿ ಎಷ್ಟು ಗಾಢವಾಗಿದೆಯೋ ಅದರ ಸುಮಾರು ಎರಡು ಸಾವಿರದಲ್ಲೊಂದು ಪಾಲು, ಕೆಲವು ಪ್ರಯೋಗಗಳಲ್ಲಿ ಐದು ಸಾವಿರದಲ್ಲೊಂದು ಪಾಲು ಮಾತ್ರ ಮೊಟ್ಟೆಗೆ ದಾಟುತ್ತದೆ. ಕಿಲೋಗೆ 10 ಮೈಕ್ರೋಗ್ರಾಂ ವಿಷ ಇರುವ ಶೇಂಗಾ 50 ಗ್ರಾಂ ತಿಂದರೆ ಅಂಥಾ ನಲವತ್ತು ಮೊಟ್ಟೆ ತಿಂದಷ್ಟಾಯಿತು. ಮೇವು ಬದಲಿಸಿದರೆ ಒಂದು ವಾರದಲ್ಲಿ ಮೊಟ್ಟೆಯಲ್ಲಿ ಅದರ ಕುರುಹು ಸಿಗುವುದೇ ಕಷ್ಟ. ಹಾಗಾಗಿ 2024ರಲ್ಲಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಅಂತ ಬಂದಾಗ ಅದು ಮಕ್ಕಳಿಗೆ ಒಳ್ಳೇದೇ ಆಯ್ತು. ಈ ಗುಲ್ಲು ಕೇಳಿ ಯಾರೂ ಮಗುವಿನ ತಟ್ಟೆಯಿಂದ ಮೊಟ್ಟೆ ತೆಗೀಬೇಡಿ.

ಮೊಟ್ಟೆಗೆ ಕಮ್ಮಿ ಬರುವುದಕ್ಕೆ ಕಾರಣ, ಏಟನ್ನು ಕೋಳಿಯೇ ತಿನ್ನುತ್ತದೆ. ಅದರ ಲಿವರ್ ಕೆಡುತ್ತದೆ, ಮೊಟ್ಟೆ ಇಳಿಯುತ್ತದೆ, ಹಾಕಿದ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಸಾಲ ಮಾಡಿ ಶೆಡ್ ಕಟ್ಟಿದವನು ಇದು ಯಾವ ರೋಗವೋ ಅಂತ ಔಷಧಿ ಅಂಗಡಿಗೆ ದುಡ್ಡು ಸುರೀತಾನೆ. ರೋಗ ಇರುವುದು ಗೋಣಿಚೀಲದಲ್ಲಿ.

ಹೆದರಲೇಬೇಕು ಅಂತಿದ್ದರೆ ಹಾಲಿನ ಕಡೆ ನೋಡಿ. ಹಸು ತಿಂದ ವಿಷದಲ್ಲಿ ನೂರಕ್ಕೆ ಒಂದೆರಡು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದ ತುಂಬಾ 6,432 ಹಾಲಿನ ಮಾದರಿ ತೆಗೆಸಿ ನೋಡಿದಾಗ ಶೇಕಡಾ 5.7ರಷ್ಟು ಮಾದರಿಗಳು ಮಿತಿ ದಾಟಿದ್ದವು. ನೀರು ಬೆರೆಸಿದ್ದಾರೆ ಅಂತ ಹಾಲಿನವನ ಜೊತೆ ಜಗಳಕ್ಕೆ ನಿಲ್ಲುವ ನಾವು, ಹಸು ತಿಂದ ಹಿಂಡಿ ಯಾವುದು ಅಂತ ಒಂದು ದಿನವಾದರೂ ಕೇಳಿದ್ದೀವಾ?

ವ್ಯಾಪಾರದ ಗುಟ್ಟು ಇಷ್ಟೇ. ಕಪ್ಪಾದ ಕಾಳಿಗೆ ರೇಟು ಕಡಿಮೆ ಆಗುತ್ತದೆಯೇ ಹೊರತು ಯಾರೂ ಅದನ್ನು ತಿಪ್ಪೆಗೆ ಎಸೆಯೋದಿಲ್ಲ. ಮನುಷ್ಯರಿಗೆ ಆಗದ್ದು ದನಕ್ಕೆ, ಕೋಳಿಗೆ. ಕ್ವಿಂಟಾಲಿಗೆ ಸ್ವಲ್ಪ ಉಳಿಯುತ್ತದಲ್ಲ! ದೊಡ್ಡ ಫಾರಂನವರು ಮೇವಿಗೆ ವಿಷ ಹೀರುವ ಜೇಡಿಯ ಪುಡಿ ಬೆರೆಸಿ ಬಚಾವಾಗ್ತಾರೆ. ಚಿಲ್ಲರೆ ಚೀಲ ಒಯ್ಯುವ ಸಣ್ಣವರಿಗೆ ಅದರ ಸುದ್ದಿಯೇ ಇರೋದಿಲ್ಲ.

ಇನ್ನೊಂದು ತೊಡಕು, ವಿಷ ಇಡೀ ರಾಶಿಗೆ ಸಮನಾಗಿ ಹರಡಿರುವುದಿಲ್ಲ. ನಾಲ್ಕು ತೆನೆ ಹಾಳು, ನಲವತ್ತು ಚೆನ್ನ. ಒಂದು ಹಿಡಿ ತೆಗೆದು ನೋಡಿ ಪಾಸು ಮಾಡಿದರೆ ಉಪಯೋಗ ಇಲ್ಲ, ಹತ್ತಾರು ಕಡೆಯಿಂದ ತೆಗೆದು ಪುಡಿ ಮಾಡಿ ನೋಡಬೇಕು. ಹತ್ತು ಹದಿನೈದು ನಿಮಿಷದಲ್ಲಿ ಫಲ ತೋರಿಸುವ ಪಟ್ಟಿಗಳು ಈಗ ಮಾರುಕಟ್ಟೆಯಲ್ಲಿ ಸಿಗುತ್ತವೆ. ತೂಕದ ಯಂತ್ರ, ತೇವಾಂಶದ ಮೀಟರಿನ ಪಕ್ಕದಲ್ಲೇ ಅದನ್ನೂ ಇಟ್ಟರೆ ಯಾರಿಗೇನು ನಷ್ಟ? ಜೊತೆಗೆ ಮಳೆಗಾಲದ ಕಾಳು ಒಣಗಿಸುವ ಡ್ರೈಯರ್ ಬಾಡಿಗೆಗೆ ಸಿಕ್ಕರೆ ರೈತ ರಸ್ತೆಗೆ ಬರುವುದೂ ತಪ್ಪುತ್ತದೆ. ಮುಂದಿನ ಕಟಾವಿನೊಳಗೆ ಇವೆರಡನ್ನೂ ಯಾರ್ಡಿಗೆ ತರಿಸ್ತೀರಾ ಅಂತ ಎಪಿಎಂಸಿಯವರನ್ನು ದಲಾಲರು ಕೇಳುವುದಿಲ್ಲ. ಕೋಳಿ ಸಾಕುವವರೂ ಮೊಟ್ಟೆ ವ್ಯಾಪಾರಿಗಳೂ ಒಟ್ಟಿಗೆ ಹೋಗಿ ಕೇಳಬೇಕು.