ಬೆಕ್ಕಿನ ಲೆಕ್ಕ ತಪ್ಪಿದಾಗ



ಈ ಸಲದ ಅಂಚೆಯಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳ ಪತ್ರವಿದೆ. "ನನ್ನ ಹೆಸರು ಹಾಕಬೇಡಿ ತಾತ" ಎಂದಿದ್ದಾಳೆ, ಹಾಕುವುದಿಲ್ಲ. ಅವರ ಮನೆಯಲ್ಲಿ ನಾಲ್ಕು ವರ್ಷದ ಗಂಡು ಬೆಕ್ಕಿದೆ. ಮರಿಯಾಗಿದ್ದಾಗಿನಿಂದ ತನ್ನ ಟ್ರೇ ಬಿಟ್ಟು ಬೇರೆಲ್ಲೂ ಗಲೀಜು ಮಾಡದ ಜಾಣ. ಎರಡು ವಾರದಿಂದ ಒಮ್ಮೆ ಟ್ರೇಯಲ್ಲಿ, ಒಮ್ಮೆ ಸೋಫಾದ ಹಿಂದೆ, ಮೊನ್ನೆ ಅಜ್ಜಿಯ ಹಾಸಿಗೆಯ ಮೇಲೆ. "ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ಮೀನು ಮಾರುಕಟ್ಟೆ ಹತ್ತಿರ ಬಿಟ್ಟುಬರ್ತೀನಿ ಅಂತ ಅಪ್ಪ ಹೇಳಿದ್ದಾರೆ. ಅಜ್ಜಿ ಏನೂ ಹೇಳ್ತಿಲ್ಲ. ನಾನು ಏನು ಮಾಡಲಿ?"

ಮಗೂ, ಪತ್ರ ಓದಿದ ದಿನವೇ ಸಂಪಾದಕರ ಮೂಲಕ ನಿಮ್ಮಪ್ಪನಿಗೆ ಒಂದು ಸಾಲು ಬರೆದು ಕಳಿಸಿದೆ: ಮೊದಲು ಡಾಕ್ಟರಿಗೆ ತೋರಿಸಿ, ಮಿಕ್ಕಿದ್ದು ಆಮೇಲೆ. ಯಾಕೆ ಅಷ್ಟು ಅವಸರ ಅಂತ ಈಗ ಎಲ್ಲರಿಗೂ ಸೇರಿಸಿ ಹೇಳುತ್ತೇನೆ.

ಹಳ್ಳಿಯಲ್ಲಿ ಬೆಳೆದ ನಮ್ಮ ಕಾಲದವರಿಗೆ ಈ ಟ್ರೇ ಎನ್ನುವುದೇ ಹೊಸದು. ಲಿಟರ್ ಅಂದರೆ ಹಾಲು ಅಳೆಯುವ ಲೀಟರ್ ಅಲ್ಲ, ಬೆಕ್ಕು ಕೆದಕಿ ಮುಚ್ಚುವುದಕ್ಕೆ ತಟ್ಟೆಯಲ್ಲಿ ಹಾಕಿಡುವ ಮಣ್ಣಿನ ಹರಳು. ಆಗ ಬೆಕ್ಕಿಗೆ ಹಿತ್ತಲಿತ್ತು, ಬೂದಿಗುಂಡಿ ಇತ್ತು, ಯಾರೋ ಮನೆ ಕಟ್ಟಲು ಸುರಿಸಿದ ಮರಳಿನ ರಾಶಿ ಇತ್ತು. ಈಗ ಮೂರನೇ ಮಹಡಿಯ ಫ್ಲಾಟಿನಲ್ಲಿರುವ ಬೆಕ್ಕಿಗೆ ಅದೆಲ್ಲ ಎಲ್ಲಿ ಬರಬೇಕು? ಹಿತ್ತಲನ್ನೇ ಒಂದು ತಟ್ಟೆಯಲ್ಲಿ ಹಾಕಿ ಕೊಟ್ಟಿದ್ದೇವೆ, ಅಷ್ಟೆ.

ಈ ಹರಳು ಬಂದ ಕಥೆಯೂ ಚೆನ್ನಾಗಿದೆ. 1947ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಎಡ್ವರ್ಡ್ ಲೋ ಎಂಬ ಯುವಕ ನೀರು ಹೀರುವ ಜೇಡಿಮಣ್ಣು, ಮರದ ಹೊಟ್ಟು ಮಾರುತ್ತಿದ್ದ. ಅಲ್ಲೂ ಆಗ ಬೆಕ್ಕಿಗೆ ಮರಳು, ಬೂದಿಯೇ ಗತಿ. ನೆರೆಮನೆಯ ಹೆಂಗಸಿನ ಬೆಕ್ಕು ಬೂದಿ ಮೆತ್ತಿದ ಕಾಲಲ್ಲಿ ಮನೆ ತುಂಬ ಹೆಜ್ಜೆ ಮೂಡಿಸುತ್ತಿತ್ತು. ಲೋ ಆಕೆಗೆ ಒಂದಿಷ್ಟು ಜೇಡಿಮಣ್ಣಿನ ಹರಳು ಕೊಟ್ಟ. ಆಕೆ ಮತ್ತೆ ಮತ್ತೆ ಕೇಳಿಕೊಂಡು ಬಂದಳು. ಐದೈದು ಪೌಂಡಿನ ಚೀಲ ಮಾಡಿ, ಮೇಲೆ 'ಕಿಟ್ಟಿ ಲಿಟರ್' ಎಂದು ಬರೆದು ಅಂಗಡಿಗೆ ಒಯ್ದ. ಮರಳು ಅಷ್ಟು ಅಗ್ಗಕ್ಕೆ ಸಿಗುವಾಗ 65 ಸೆಂಟು ಕೊಟ್ಟು ಇದನ್ನು ಯಾರು ಕೊಳ್ಳುತ್ತಾರೆ ಎಂದ ಅಂಗಡಿಯವನು. "ಹಾಗಾದರೆ ಬಿಟ್ಟಿ ಕೊಡಿ" ಎಂದ ಲೋ. ಬಿಟ್ಟಿ ಒಯ್ದವರು ದುಡ್ಡು ಕೊಟ್ಟು ಕೊಳ್ಳಲು ಮರಳಿ ಬಂದರು. ಈಗ ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಬೆಂಟೊನೈಟ್ ಎಂಬ ಜೇಡಿಯ ಹರಳು. ಒದ್ದೆಯಾದರೆ ಉಂಡೆ ಕಟ್ಟುತ್ತದೆ. ಗುಜರಾತಿನ ಕಛ್‌ನಲ್ಲಿ ಈ ಮಣ್ಣು ಹೇರಳವಾಗಿದೆ.

ಇನ್ನು ವಿಷಯಕ್ಕೆ ಬರೋಣ. ಬೆಕ್ಕು ಟ್ರೇ ಬಿಟ್ಟರೆ ಮನೆಯಲ್ಲಿ ಮೊದಲು ಕೇಳುವ ಮಾತು, "ಬೇಕಂತಲೇ ಮಾಡುತ್ತೆ, ಸೇಡು ತೀರಿಸಿಕೊಳ್ಳುತ್ತೆ." ಬೆಕ್ಕಿಗೆ ಹಾಗೆ ಹಾಸಿಗೆ ಒದ್ದೆ ಮಾಡಿ ಹಗೆ ಸಾಧಿಸುವ ಬುದ್ಧಿ ಇಲ್ಲ. ಅದಕ್ಕೆ ನೋವಿದೆ, ಅಥವಾ ಹೆದರಿಕೆ ಇದೆ, ಅಥವಾ ಟ್ರೇ ಹಿಡಿಸಿಲ್ಲ. ಈ ಮೂರರಲ್ಲಿ ಯಾವುದು ಎಂದು ಹುಡುಕುವುದೇ ನಮ್ಮ ಕೆಲಸ.

ನಾನು 36 ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು. ಸಂಜೆ ನಗದು ತಾಳೆಯಾಗದಿದ್ದರೆ ಯಾರೂ ಪೆಟ್ಟಿಗೆಗೆ ಹೊಡೆಯುವುದಿಲ್ಲ. ಒಂದೊಂದೇ ವೋಚರ್ ತೆಗೆದು ನೋಡುತ್ತೇವೆ. ಬೆಕ್ಕಿನ ವಿಷಯಕ್ಕೂ ಅದೇ ಕ್ರಮ ಸಾಕು.

ಮೊದಲನೆಯದು ನೋವು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಅದರೊಳಗೆ ಸಣ್ಣ ಹರಳೋ ಲೋಳೆಯೋ ಸಿಕ್ಕಿಕೊಂಡರೆ ಮೂತ್ರ ಹೊರಗೆ ಬರುವುದೇ ಇಲ್ಲ. ಹೊರಹೋಗಬೇಕಾದ ವಿಷ ರಕ್ತದಲ್ಲೇ ಉಳಿಯುತ್ತದೆ, ಪೊಟ್ಯಾಸಿಯಂ ಏರುತ್ತದೆ, ಹೃದಯ ನಿಲ್ಲಬಹುದು. ಒಂದೆರಡು ದಿನದಲ್ಲೇ ಜೀವ ಹೋಗುವ ಕಾಯಿಲೆ ಇದು. ಆದ್ದರಿಂದ ಮಕ್ಕಳೇ, ಈ ಲಕ್ಷಣಗಳನ್ನು ಬಾಯಿಪಾಠ ಮಾಡಿಕೊಳ್ಳಿ: ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಒಂದೆರಡು ಹನಿ ಬೀಳುತ್ತದೆ ಅಥವಾ ಏನೂ ಬೀಳುವುದಿಲ್ಲ. ಹನಿಯಲ್ಲಿ ರಕ್ತವಿರಬಹುದು. ಕೂಗುತ್ತದೆ, ಆ ಜಾಗವನ್ನೇ ನೆಕ್ಕುತ್ತಿರುತ್ತದೆ, ಊಟ ಬಿಡುತ್ತದೆ, ವಾಂತಿ ಮಾಡುತ್ತದೆ. ದೊಡ್ಡವರು ಇದನ್ನು ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಹುಡುಕುವುದುಂಟು. ಬೇಡ. ರಾತ್ರಿಯಾಗಿದ್ದರೆ ಬೆಳಗಾಗಲಿ ಎಂದು ಕಾಯುವುದೂ ಬೇಡ.

ಮನುಷ್ಯರ ಮಾತ್ರೆ ಕೊಡುವುದಂತೂ ಬೇಡವೇ ಬೇಡ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಹುದು.

ನಾಳ ಕಟ್ಟಿಕೊಳ್ಳದಿದ್ದರೂ ಮೂತ್ರಕೋಶಕ್ಕೆ ಉರಿ ಬಂದಿರಬಹುದು. ಟ್ರೇಯಲ್ಲಿ ಕೂತಾಗಲೆಲ್ಲ ಉರಿಯಿತು ಎಂದರೆ, 'ಈ ಟ್ರೇಯೇ ನೋಯಿಸುತ್ತದೆ' ಎಂದು ಬೆಕ್ಕು ತಿಳಿಯುತ್ತದೆ. ಮೆತ್ತನೆಯ ಜಾಗ ಹುಡುಕಿ ಹಾಸಿಗೆ ಏರುತ್ತದೆ. ಹತ್ತು ವರ್ಷ ದಾಟಿದ ಬೆಕ್ಕಾದರೆ ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ ಇರಬಹುದು. ನೀರು ಹೆಚ್ಚು ಕುಡಿಯುತ್ತದೆ, ಹೆಚ್ಚು ಹೋಗುತ್ತದೆ, ಟ್ರೇ ತಲುಪುವುದರೊಳಗೆ ಆಗಿಹೋಗುತ್ತದೆ. ಮಂಡಿ ನೋವಿದ್ದರೆ ಎತ್ತರದ ಅಂಚು ದಾಟಲಾಗುವುದಿಲ್ಲ. ರಾತ್ರಿ ಮೂರು ಸಲ ಎದ್ದು, ಗೋಡೆ ಹಿಡಿದು ಬಚ್ಚಲಿಗೆ ಹೋಗುವ ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಹೆದರಿಕೆ. ಮನೆಗೆ ಸುಣ್ಣಬಣ್ಣ, ಹೊಸ ಮಗು, ನೆಂಟರ ದಂಡು, ದೀಪಾವಳಿಯ ಪಟಾಕಿ, ಕಿಟಕಿಯ ಹೊರಗೆ ಬಂದು ಗುರುಗುಟ್ಟುವ ಬೀದಿಯ ಗಡವ, ಇವೆಲ್ಲ ನಮಗೆ ಸಣ್ಣವು, ಬೆಕ್ಕಿಗೆ ದೊಡ್ಡವು. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಮಾಡಿದರೆ ಅದು ಮೂತ್ರವಿಸರ್ಜನೆ. ನಿಂತುಕೊಂಡು, ಬಾಲ ಎತ್ತಿ ನಡುಗಿಸುತ್ತ ಗೋಡೆಗೆ ಚಿಮ್ಮಿಸಿದರೆ ಅದು 'ಇದು ನನ್ನ ಜಾಗ' ಎಂಬ ಗುರುತು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದ ಗಂಡು ಬೆಕ್ಕಿನಲ್ಲಿ ಇದು ಹೆಚ್ಚು. ಮಾಡಿಸಿದರೆ ಬಹುಪಾಲು ಬೆಕ್ಕುಗಳಲ್ಲಿ ನಿಲ್ಲುತ್ತದೆ.

ಮೂರನೆಯದು ಟ್ರೇ. ನಮ್ಮ ಮನೆಯ ಬೋಂಡನ ಲೆಕ್ಕ ತಪ್ಪಿದ್ದು ಇಲ್ಲೇ. ಬೋಂಡ ಎಂದರೆ ಕೆಂಚು ಬಣ್ಣದ, ಐದು ವರ್ಷದ ನಮ್ಮ ಗಂಡು ಬೆಕ್ಕು. ಕಳೆದ ವರ್ಷ ಅವನೂ ಹೀಗೇ ಶುರು ಮಾಡಿದ. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು, ಕಾಯಿಲೆಯೇನೂ ಇಲ್ಲ ಎಂದರು. ಆಗ ಮೊಮ್ಮಗಳಿಗೆ ನನ್ನ ಹಳೆಯ ಡೈರಿಯೊಂದನ್ನು ಕೊಟ್ಟೆ. ಎಡಗಡೆ 'ಟ್ರೇಯಲ್ಲಿ', ಬಲಗಡೆ 'ಹೊರಗೆ', ಪಕ್ಕದಲ್ಲಿ ದಿನ, ಹೊತ್ತು, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಬರೆಯಲು ಹೇಳಿದೆ. ಮೂರು ವಾರವಾದ ಮೇಲೆ ಇಬ್ಬರೂ ಕೂತು ನೋಡಿದೆವು. ಬಲಗಡೆಯ ನಮೂದುಗಳೆಲ್ಲ ಸೋಮವಾರ, ಗುರುವಾರ, ಶನಿವಾರ. "ತಾತ, ಅವತ್ತು ಅಮ್ಮ ಮಷಿನ್ ಹಾಕೋ ದಿನ!" ಎಂದು ಕೂಗಿದಳು. ಬಟ್ಟೆ ಒಗೆಯುವ ಹೊಸ ಯಂತ್ರ ಬಂದಿದ್ದು, ಬೋಂಡನ ಟ್ರೇ ಅದರ ಪಕ್ಕದಲ್ಲೇ ಇದ್ದದ್ದು. ಬಟ್ಟೆ ಹಿಂಡುವಾಗ ಅದು ಮಾಡುವ ಸದ್ದಿಗೆ ನನ್ನ ಎದೆಯೇ ನಡುಗುತ್ತದೆ, ಅವನದು ನಡುಗದೆ ಇರುತ್ತದೆಯೇ? ಟ್ರೇಯನ್ನು ನನ್ನ ಕೋಣೆಯ ಮೂಲೆಗೆ ತಂದೆವು. ಹತ್ತು ದಿನದಲ್ಲಿ ಬಲಗಡೆಯ ಕಾಲಂ ಖಾಲಿಯಾಯಿತು.

ಟ್ರೇ ಹೇಗಿರಬೇಕು ಎಂದರೆ, ಬೆಕ್ಕು ಒಂದಾದರೆ ಟ್ರೇ ಎರಡು, ಬೆಕ್ಕು ಎರಡಾದರೆ ಮೂರು. ಅಂದರೆ ಯಾವಾಗಲೂ ಒಂದು ಹೆಚ್ಚು, ಅದೂ ಬೇರೆ ಬೇರೆ ಜಾಗದಲ್ಲಿ. ಉದ್ದ, ಮೂಗಿನಿಂದ ಬಾಲದ ಬುಡದವರೆಗಿನ ಬೆಕ್ಕಿನ ಉದ್ದದ ಒಂದೂವರೆ ಪಟ್ಟು. ಅಂಗಡಿಯಲ್ಲಿ ಅಷ್ಟು ದೊಡ್ಡದು ಸಿಗದಿದ್ದರೆ ಅಗಲವಾದ ಪ್ಲಾಸ್ಟಿಕ್ ಟಬ್ ಆಗುತ್ತದೆ. ವಯಸ್ಸಾದ ಬೆಕ್ಕಿಗೆ ಒಂದು ಕಡೆ ಅಂಚು ತಗ್ಗಾಗಿರಲಿ. ಹರಳು ಎರಡು ಮೂರು ಅಂಗುಲ ದಪ್ಪ ಇರಲಿ. ಸುಗಂಧ ಹಾಕಿದ ಹರಳು ನಮಗೆ ಹಿತ, ಎಷ್ಟೋ ಬೆಕ್ಕುಗಳಿಗೆ ಹಿಂಸೆ. ಊಟದ ತಟ್ಟೆ, ನೀರಿನ ಬಟ್ಟಲಿನ ಪಕ್ಕ ಇಡಬೇಡಿ. ನಾವಾದರೂ ಬಚ್ಚಲಲ್ಲಿ ಎಲೆ ಹಾಕಿಕೊಳ್ಳುತ್ತೇವೆಯೇ? ದಿನಕ್ಕೆ ಒಂದು ಸಲವಾದರೂ ಉಂಡೆಗಳನ್ನು ಸೌಟಿನಿಂದ ತೆಗೆಯಬೇಕು, ಎರಡು ಸಲವಾದರೆ ಇನ್ನೂ ಒಳ್ಳೆಯದು. ಆಗಾಗ ಹರಳು ಪೂರ್ತಿ ಬದಲಿಸಿ ಟ್ರೇಯನ್ನು ಸೋಪು-ಬಿಸಿನೀರಿನಲ್ಲಿ ತೊಳೆಯಬೇಕು. ಈ ಕೆಲಸ ಮಾಡಿದವರು ಕೈ ಚೆನ್ನಾಗಿ ತೊಳೆಯಬೇಕು. ಮನೆಯಲ್ಲಿ ಗರ್ಭಿಣಿ ಇದ್ದರೆ ಇದನ್ನು ಅವರಿಂದ ಮಾಡಿಸಬೇಡಿ. ಬೆಕ್ಕಿನ ಮಲದಿಂದ ಬರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಸೋಂಕು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ.

ಗಲೀಜಾದ ಜಾಗವನ್ನು ಹೇಗೆ ತೊಳೆಯುತ್ತೇವೆ ಎನ್ನುವುದೂ ಮುಖ್ಯ. ನಮ್ಮ ಮನೆಗಳಲ್ಲಿ ಕೈ ಮೊದಲು ಹೋಗುವುದು ಫಿನಾಯಿಲ್ ಬಾಟಲಿಗೆ. ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಒದ್ದೆ ನೆಲ ತುಳಿದು ಕಾಲು ನೆಕ್ಕಿಕೊಂಡರೆ ವಿಷ ಒಳಗೆ ಹೋಯಿತು. ಬ್ಲೀಚಿಂಗ್ ಪೌಡರ್ ಕೂಡ ಬೇಡ, ಮೂತ್ರದೊಂದಿಗೆ ಸೇರಿ ಕೆಟ್ಟ ಅನಿಲ ಬರುತ್ತದೆ. ಹಳೆಯ ಬಟ್ಟೆಯಿಂದ ಒತ್ತಿ ಒತ್ತಿ ಹೀರಿಸಿ, ನೀರು ಹಾಕಿ ಮತ್ತೆ ಹೀರಿಸಿ, ಆಮೇಲೆ ಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎನ್‌ಜೈಮ್ ಇರುವ ದ್ರಾವಣ ಹಾಕಿ ಒಣಗಲು ಬಿಡಿ. ನಮ್ಮ ಮೂಗಿಗೆ ಹೋದ ವಾಸನೆ ಬೆಕ್ಕಿನ ಮೂಗಿಗೆ ಹೋಗಿರುವುದಿಲ್ಲ. ವಾಸನೆ ಉಳಿದರೆ ಅದಕ್ಕೆ ಅದೇ ಬಚ್ಚಲು.

ಹೊಡೆಯುವುದು, ಮೂಗನ್ನು ಒದ್ದೆಗೆ ತಿಕ್ಕುವುದು, ಎರಡೂ ಕೂಡದು. ನಿಮ್ಮನ್ನು ಕಂಡರೆ ಹೆದರುವುದನ್ನು ಅದು ಕಲಿಯುತ್ತದೆಯೇ ಹೊರತು ಟ್ರೇಗೆ ಹೋಗುವುದನ್ನಲ್ಲ. ನೀರಿನ ಬಟ್ಟಲು ಎರಡು ಮೂರು ಕಡೆ ಇಡಿ. ಬೆಕ್ಕಿನ ಮೂಲ ಒಣನಾಡಿನ ಕಾಡುಬೆಕ್ಕು, ನೀರು ಕುಡಿಯುವುದರಲ್ಲಿ ಅದು ಬಲು ಸೋಮಾರಿ. ಒಣ ಆಹಾರವೊಂದನ್ನೇ ಹಾಕದೆ ನೀರಿನಂಶವಿರುವ ಊಟವನ್ನೂ ಕೊಟ್ಟರೆ ಮೂತ್ರಕೋಶಕ್ಕೆ ಒಳ್ಳೆಯದು.

ಈಗ ದೊಡ್ಡವರಿಗೆ ಎರಡು ಮಾತು. ಅಪ್ಪನ ಕೋಪ ಸುಳ್ಳಲ್ಲ. ಬೆಕ್ಕಿನ ಮೂತ್ರದ ನಾತ ಅನುಭವಿಸಿದವರಿಗೇ ಗೊತ್ತು, ಹಾಸಿಗೆಯೂ ಪುಕ್ಕಟೆ ಬರುವುದಿಲ್ಲ. ಆದರೆ ಮನೆಯಲ್ಲಿ ಬೆಳೆದ ಬೆಕ್ಕನ್ನು ಮಾರುಕಟ್ಟೆಯಲ್ಲಿ ಬಿಟ್ಟರೆ ಅದು ಮೀನು ತಿಂದು ಸುಖವಾಗಿರುವುದಿಲ್ಲ. ಅಲ್ಲಿನ ಬೆಕ್ಕುಗಳು ಅದನ್ನು ಓಡಿಸುತ್ತವೆ, ನಾಯಿಗಳು ಅಟ್ಟಿಸುತ್ತವೆ, ರಸ್ತೆ ದಾಟುವುದು ಅದಕ್ಕೆ ಗೊತ್ತಿಲ್ಲ. ಮೂತ್ರದ ಕಾಯಿಲೆ ಇದ್ದರಂತೂ ಎಲ್ಲೋ ಚರಂಡಿಯ ಪಕ್ಕ ನರಳಿ ಸಾಯುತ್ತದೆ. ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಅಜ್ಜಿಗೂ ಒಂದು ಮಾತು. ಒದ್ದೆಯಾದದ್ದು ನಿಮ್ಮ ಹಾಸಿಗೆ. ಹಾಗಾಗಿ ಈ ಮನೆಯಲ್ಲಿ ನಿಮ್ಮ ಮಾತಿಗೇ ಹೆಚ್ಚು ತೂಕ. ನೀವು "ಇರಲಿ ಬಿಡಪ್ಪ, ಡಾಕ್ಟರು ಏನಂತಾರೋ ನೋಡೋಣ" ಎಂದರೆ ಮಗ ಕೇಳುತ್ತಾನೆ. ಮೊಮ್ಮಗಳು ಅದನ್ನು ಜೀವನಪೂರ್ತಿ ಮರೆಯುವುದಿಲ್ಲ. ಕೈಲಾಗದ ಕಾಲದಲ್ಲಿ ಮನೆಯವರು ಹೇಗೆ ನಡೆದುಕೊಳ್ಳಬೇಕು ಎಂದು ಮಕ್ಕಳು ಪುಸ್ತಕ ಓದಿ ಕಲಿಯುವುದಿಲ್ಲ, ಮನೆಯಲ್ಲಿ ನೋಡಿ ಕಲಿಯುತ್ತಾರೆ.

ಕೊನೆಯದಾಗಿ, ಬೆಕ್ಕಿರುವ ಮನೆಯ ಮಕ್ಕಳಿಗೆಲ್ಲ ಈ ವಾರದ ಮನೆಗೆಲಸ. ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಹತ್ತಿರದ ಪಶು ಆಸ್ಪತ್ರೆಯ ಫೋನ್ ನಂಬರು, ರಾತ್ರಿ ಹೊತ್ತು ಸಿಗುವ ಡಾಕ್ಟರ ನಂಬರು, ಎರಡನ್ನೂ ರಟ್ಟಿನ ಒಳಬದಿಯಲ್ಲಿ ಬರೆಯಿರಿ. ಮೊದಲ ಪುಟದಲ್ಲಿ ಎರಡು ಕಾಲಂ ಎಳೆಯಿರಿ. ಬೆಳಿಗ್ಗೆ ಉಂಡೆ ತೆಗೆದು ಎಣಿಸುವ ಕೆಲಸ ಅಜ್ಜನಿಗೆ, ಬರೆಯುವ ಕೆಲಸ ನಿಮಗೆ. ಯಾವುದಾದರೂ ದಿನ ಉಂಡೆಯ ಲೆಕ್ಕ ಸೊನ್ನೆ ಬಂದು, ಬೆಕ್ಕು ಸುಮ್ಮನೆ ಟ್ರೇಯಲ್ಲಿ ತಿಣುಕುತ್ತಿದ್ದರೆ ಪುಸ್ತಕ ಮುಚ್ಚಿ ಆ ನಂಬರಿಗೆ ಫೋನ್ ಮಾಡಿಸಿ. ಶಾಲೆಗೆ ಒಂದು ದಿನ ರಜೆಯಾದರೂ ಚಿಂತೆಯಿಲ್ಲ. ಮೇಷ್ಟರಿಗೆ ಚೀಟಿ ನಾನು ಬರೆದುಕೊಡುತ್ತೇನೆ.